ಸ್ಟಾಕ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ಸಾದಾ ಪೆಟ್ರೋಲ್ ಸಾಕಾ, 95 ಆಕ್ಟೇನ್ ಹಾಕ್ಬೇಕಾ, 100 ಹಾಕ್ಬೇಕಾ?

ಸುರತ್ಕಲ್_ಆರ್‌ಎಸ್:

ನಮಸ್ಕಾರ ಎಲ್ರಿಗೂ. ಹೋದ ತಿಂಗಳು ಒಂದು ಆಕ್ಟೇವಿಯಾ ಆರ್‌ಎಸ್ 230 ಸೆಕೆಂಡ್‌ಹ್ಯಾಂಡ್ ತಗೊಂಡೆ, 2017ರದ್ದು, ಬೆಂಗಳೂರಿನ ಗಾಡಿ, ಸ್ಟಾಕ್, ಅಂದ್ರೆ ಕಂಪನಿಯಿಂದ ಬಂದ ಹಾಗೇ ಉಂಟು, ರೀಮ್ಯಾಪ್ (ಪವರ್ ಏರಿಸ್ಲಿಕ್ಕೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸುವುದು) ಎಂತದೂ ಇಲ್ಲ. ತುಂಬಾ ವರ್ಷದ ಆಸೆ ಇದು, ಹಾಗಾಗಿ ಎಂಜಿನ್‌ಗೆ ಎಂತ ಬೇಕೋ ಅದನ್ನೇ ಕೊಡ್ಬೇಕು ಅಂತ ಉಂಟು, ಆದ್ರೆ ಬೇಡದ್ದಕ್ಕೆ ದುಡ್ಡು ಸುರಿಲಿಕ್ಕೂ ಮನಸ್ಸಿಲ್ಲ.

ನನ್ನ ಓಡಾಟ ಹೇಳ್ತೇನೆ. ವಾರದಲ್ಲಿ ಸುರತ್ಕಲ್‌ನಿಂದ ಪೇಟೆಗೆ ಆಫೀಸು, ಅಂದ್ರೆ ಬೈಕಂಪಾಡಿ, ಕೂಳೂರು ಸಂಕ, ಕೊಟ್ಟಾರ ಚೌಕಿ, ಇದ್ರಲ್ಲಿ ಎರಡನೇ ಗೇರ್ ದಾಟುವುದೇ ಕಷ್ಟ. ಆದಿತ್ಯವಾರ ಬೆಳಿಗ್ಗೆ ಬೇಗ ಹೊರಟು ಹೆಬ್ರಿ, ಸೋಮೇಶ್ವರ ಮೇಲೆ ಆಗುಂಬೆಗೆ ಹೋಗ್ತೇನೆ. ಜೋರು ಓಡಿಸುವುದು ಅಂತ ಇದ್ರೆ ಆ ದಿನ ಮಾತ್ರ.

ಈಗ ಗೊಂದಲ ಎಂತದ್ದು ಅಂದ್ರೆ, ಗೆಳೆಯ ಒಬ್ಬ 100 ಆಕ್ಟೇನ್ ಹಾಕಿದ್ರೆ ಮಾತ್ರ ಈ ಗಾಡಿ ಪೂರ್ತಿ ಪವರ್ ಬಿಡ್ತದೆ, ಎಥನಾಲ್ ತಲೆಬಿಸಿಯೂ ಇಲ್ಲ ಅಂತಾನೆ. ಗ್ಯಾರೇಜಿನ ಅಣ್ಣ ಸಾದಾ ಹಾಕಿ ಮಾರಾಯ್ರೆ ಎಂತ ಆಗುದಿಲ್ಲ ಅಂತಾರೆ. ಬಂಕಿನಲ್ಲಿ ಕೇಳಿದ್ರೆ 95 ಹಾಕಿ ಮೈಲೇಜ್ ಬರ್ತದೆ ಅಂತಾರೆ. ಮ್ಯಾನುವಲ್ ನೋಡುವ ಅಂದ್ರೆ ಹಳೇ ಓನರ್ ಅದನ್ನು ಕೊಡ್ಲೇ ಇಲ್ಲ. ಟ್ಯಾಂಕ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಪೆಟ್ರೋಲ್ ಬಿದ್ದು ಬಿದ್ದು ಮಾಸಿದೆ, 95 ಅಂತ ಕಾಣ್ತದೆ, ಪಕ್ಕದಲ್ಲಿ ಒಂದು ಓರೆ ಗೆರೆ, ಅದರ ಆಚೆ ಇನ್ನೊಂದು ಸಂಖ್ಯೆ ಇದ್ದ ಹಾಗೆ ಉಂಟು. ಗೊತ್ತಿದ್ದವರು ಹೇಳಿ. ಕೇಳಿದ ಮಾತಿಗಿಂತ ಯಾಕೆ ಹಾಗೆ ಅಂತ ಹೇಳಿದ್ರೆ ಉಪಕಾರ.

ಕುಂಜಿಬೆಟ್ಟು_ಸ್ಕ್ಯಾನರ್:

ಒಳ್ಳೇ ಗಾಡಿ ತಗೊಂಡಿದ್ದೀರಿ. ನಾನು ಉಡುಪಿಯಲ್ಲಿ ಜಾಸ್ತಿ ಸ್ಕೋಡಾ, ಫೋಕ್ಸ್‌ವ್ಯಾಗನ್‌ನ ಟಿಎಸ್‌ಐ ಟರ್ಬೊ ಪೆಟ್ರೋಲ್ ಗಾಡಿಗಳನ್ನೇ ನೋಡುವುದು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಮೊದ್ಲು ಒಂದು ವಿಷಯ ಸರಿ ಮಾಡ್ಕೊಳ್ಳುವ. ಆಕ್ಟೇನ್ ಜಾಸ್ತಿ ಅಂದ್ರೆ ಪೆಟ್ರೋಲಲ್ಲಿ ಶಕ್ತಿ ಜಾಸ್ತಿ ಅಂತ ಅಲ್ಲವೇ ಅಲ್ಲ. ಒತ್ತಡ ಬಿಸಿ ಎರಡೂ ಏರಿದಾಗ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡ್ಕೊಳ್ತದೆ ಅನ್ನುವುದರ ಅಳತೆ ಅದು. ಐಸೊಆಕ್ಟೇನ್‌ಗೆ 100, ಹೆಪ್ಟೇನ್‌ಗೆ 0 ಅಂತ ಇಟ್ಟು, 95 ಪಾಲು ಅದು 5 ಪಾಲು ಇದು ಬೆರೆಸಿದ ಮಿಶ್ರಣ ಟೆಸ್ಟ್ ಎಂಜಿನ್‌ನಲ್ಲಿ ಹೇಗೆ ನಡ್ಕೊಳ್ತದೋ ಹಾಗೆಯೇ ನಡ್ಕೊಂಡ್ರೆ ಆ ಪೆಟ್ರೋಲ್‌ಗೆ 95 ಆರ್‌ಒಎನ್ ಅಂತಾರೆ. ಅಷ್ಟೇ ವಿಷಯ.

ನಿಮ್ಮ ಎಂಜಿನ್ ಕಂಪ್ರೆಶನ್, ಅಂದ್ರೆ ಪಿಸ್ಟನ್ ಸಿಲಿಂಡರ್ ಒಳಗಿನದ್ದನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು, 9.6, ಸಂಖ್ಯೆ ನೋಡಿದ್ರೆ ದೊಡ್ಡದಲ್ಲ, ಆದ್ರೆ ಮೇಲಿಂದ ಟರ್ಬೊ ಗಾಳಿ ತುರುಕುತ್ತದಲ್ಲ, ಅದ್ರಿಂದ ಸಿಲಿಂಡರ್ ಒಳಗಿನ ಒತ್ತಡ ಎಲ್ಲಿಗೋ ಹೋಗ್ತದೆ. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿ ಮೂಲೆಗೆ ಮುಟ್ಟುವ ಮೊದ್ಲೇ ಅಲ್ಲಿದ್ದ ಮಿಶ್ರಣ ತಾನೇ ಸಿಡಿದ್ರೆ ಅದು ನಾಕಿಂಗ್. ಬ್ಲಾಕ್ ಮೇಲೆ ಬೋಲ್ಟ್ ಮಾಡಿದ ನಾಕ್ ಸೆನ್ಸರ್ ಆ ಕಂಪನ ಹಿಡಿದು ಇಸಿಯುಗೆ, ಅಂದ್ರೆ ಎಂಜಿನ್ ಕಂಪ್ಯೂಟರಿಗೆ, ಹೇಳ್ತದೆ, ಇಸಿಯು ಆ ಸಿಲಿಂಡರ್‌ನ ಸ್ಪಾರ್ಕ್ ಸ್ವಲ್ಪ ತಡ ಮಾಡ್ತದೆ, ಬೇಕಾದ್ರೆ ಬೂಸ್ಟ್, ಅಂದ್ರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಕೂಡ ಇಳಿಸ್ತದೆ. ನಿಮಗೆ ಕಿವಿಗೆ ಎಂತದೂ ಕೇಳುದಿಲ್ಲ, ಗಾಡಿ ಸ್ವಲ್ಪ ಮಂದ ಅನ್ನಿಸ್ತದೆ ಅಷ್ಟೇ. ಒಳ್ಳೆ ಆಕ್ಟೇನ್ ಹಾಕಿದಾಗ ಸಿಗುವುದು ಹೀಗೆ ಕಳ್ಕೊಂಡ ಪವರ್, ಹೊಸ ಪವರ್ ಅಲ್ಲ. ಕಂಪನಿಯವರು ಇಸಿಯು ಮ್ಯಾಪ್‌ನಲ್ಲಿ (ಇಸಿಯು ಸೆಟ್ಟಿಂಗ್‌ನಲ್ಲಿ) ಬರೆದ ಸ್ಪಾರ್ಕ್ ಟೈಮಿಂಗ್ ಮುಟ್ಟಿದ ಮೇಲೆ ನೀವು 100 ಹಾಕಿ 110 ಹಾಕಿ, ಸ್ಟಾಕ್ ಗಾಡಿ ಅದಕ್ಕಿಂತ ಮುಂದೆ ಹೋಗುದಿಲ್ಲ.

ಸ್ಟಿಕ್ಕರ್ ವಿಷಯ. ಸ್ಕೋಡಾದವರು ಎರಡು ಥರ ಬರೀತಾರೆ. 95/91 ಅಂತ ಇದ್ರೆ 95 ಹಾಕಿದ್ರೆ ಒಳ್ಳೇದು, 91 ಹಾಕಿದ್ರೂ ನಡೀತದೆ, ಪವರ್ ಸ್ವಲ್ಪ ಕಡಿಮೆ, ಪೆಟ್ರೋಲ್ ಖರ್ಚು ಸ್ವಲ್ಪ ಜಾಸ್ತಿ. 98/95 ಅಂತ ಇದ್ರೆ 95 ನಿಮ್ಮ ಕೆಳಗಿನ ಮಿತಿ, ಅದಕ್ಕಿಂತ ಕಡಿಮೆಯದ್ದು ಗತಿ ಇಲ್ಲದಾಗ ಮಾತ್ರ, ಅದೂ ಕಾಲು ಒತ್ತದೆ ಓಡಿಸ್ಬೇಕು. ಹಾಗಾಗಿ 95ರ ಬಲಗಡೆ ಸಂಖ್ಯೆ ಉಂಟಾ ಎಡಗಡೆಯಾ ಅಂತ ಮೊಬೈಲ್ ಟಾರ್ಚ್ ಓರೆ ಹಿಡಿದು ನೋಡಿ. ನಿಮ್ಮ ಇಡೀ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಉಂಟು.

ಇನ್ನು ಸಾದಾ ಪೆಟ್ರೋಲ್. ಮೊದ್ಲು 91 ಇತ್ತು, ಆಗ ನಾನೇ ಇಂಥ ಗಾಡಿಯವರಿಗೆ ಸಾದಾ ಹಾಕ್ಬೇಡಿ ಅಂತ ಹೇಳ್ತಾ ಇದ್ದೆ. ಈಗ ಇ20 ಬಂದ ಮೇಲೆ ಲೆಕ್ಕ ಬದಲಾಗಿದೆ. ಎಥನಾಲ್‌ನ ಆಕ್ಟೇನ್ 108ರ ಆಸುಪಾಸು, ಶೇಕಡ 20 ಬೆರೆತದ್ರಿಂದ ಸಾದಾ ಪೆಟ್ರೋಲೇ 95ಕ್ಕೆ ಬಂದಿದೆ ಅಂತ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು. ಅಂದ್ರೆ ಹತ್ತಿರ ಹತ್ತಿರ 95 ಇರುವ ಸಾದಾಕ್ಕೂ, ಹೆಸರಲ್ಲೇ 95 ಇರುವ ಪ್ರೀಮಿಯಂಗೂ ಆಕ್ಟೇನ್ ಲೆಕ್ಕದಲ್ಲಿ ಹಿಂದಿನಷ್ಟು ಅಂತರ ಇಲ್ಲ. ಪ್ರೀಮಿಯಂನಲ್ಲಿ ಜಾಸ್ತಿ ಇರುವುದು ಎಂಜಿನ್ ಕ್ಲೀನ್ ಇಡುವ ಅಡಿಟಿವ್.

ಕಂಕನಾಡಿ_ಎನ್‌ಲೈನ್:

ನಾನು ಸ್ವಲ್ಪ ಬೇರೆ ಹೇಳ್ತೇನೆ. ನನ್ನದು ಐ20 ಎನ್ ಲೈನ್, 1.0 ಟರ್ಬೊ, ಅದಕ್ಕೆ ಶುರುವಿಂದ 95ರದ್ದೇ ಹಾಕುವುದು. ಸಾದಾ ಹಾಕಿದಾಗ ಕೈಗೆ ವ್ಯತ್ಯಾಸ ಗೊತ್ತಾಗ್ತದೆ, ಪಂಪ್‌ವೆಲ್ ಸರ್ಕಲಿಂದ ಹೊರಡುವಾಗ ಸ್ವಲ್ಪ ಎಳೆಯುವ ಹಾಗೆ, 95ರಲ್ಲಿ ಬೆಣ್ಣೆ ಹಾಗೆ ಹೋಗ್ತದೆ. ಲೀಟರಿಗೆ ಕೆಲವು ರೂಪಾಯಿ ಜಾಸ್ತಿಗೆ ಅಷ್ಟು ಲೆಕ್ಕ ಹಾಕ್ಬೇಕಾ? ಇಪ್ಪತ್ತು ಲಕ್ಷದ ಗಾಡಿ ತಗೊಳ್ಳುವವರು ಪೆಟ್ರೋಲಲ್ಲಿ ಯಾಕೆ ಉಳಿಸುವುದು? ಮತ್ತೆ ಎಥನಾಲ್ ಜಾಸ್ತಿ ಅಂದ್ರೆ ಆಕ್ಟೇನ್ ಜಾಸ್ತಿ ಅಂತೀರಿ, ಹಾಗಾದ್ರೆ ಮೈಲೇಜ್ ಯಾಕೆ ಬಿದ್ದದ್ದು?

ಕಾರ್ಕಳ_ಮೆಕ್ಯಾನಿಕಲ್:

ಮೈಲೇಜ್ ಪ್ರಶ್ನೆ ಸರಿಯಾದ್ದು, ಉತ್ತರ ಹೇಳ್ತೇನೆ. ನಾನು ಎಂಜಿನಿಯರಿಂಗ್ ಕಾಲೇಜಿನ ಐಸಿ ಎಂಜಿನ್ ಲ್ಯಾಬಲ್ಲಿ ಕೆಲಸ ಮಾಡುವವಳು.

ಆಕ್ಟೇನ್ ಬೇರೆ, ಒಂದು ಲೀಟರಲ್ಲಿ ಎಷ್ಟು ಶಕ್ತಿ ಉಂಟು ಅನ್ನುವುದು ಬೇರೆ. ಪೆಟ್ರೋಲಲ್ಲಿ ಲೀಟರಿಗೆ 32 ಮೆಗಾಜೂಲ್ ಹತ್ತಿರ, ಎಥನಾಲಲ್ಲಿ ಬರೀ 21 ಹತ್ತಿರ. ಐದನೇ ಒಂದು ಪಾಲು ಎಥನಾಲ್ ಆದ್ರೆ ಲೀಟರಿಗೆ ಶೇಕಡ 7ರಷ್ಟು ಶಕ್ತಿ ಲೆಕ್ಕದಲ್ಲೇ ಹೋಯ್ತು. ಆದ್ರೆ ಅದೇ ಎಥನಾಲ್ ಆವಿಯಾಗುವಾಗ ತುಂಬಾ ಬಿಸಿ ಹೀರ್ಕೊಳ್ತದೆ, ನಿಮ್ಮಿಬ್ಬರದ್ದೂ ಸಿಲಿಂಡರ್ ಒಳಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆದ್ದರಿಂದ ಒಳಗಿನ ಗಾಳಿ ತಣ್ಣಗಾಗಿ ನಾಕಿಂಗ್ ಇನ್ನೂ ದೂರ ಹೋಗ್ತದೆ. ಮೈಲೇಜಿಗೆ ಕೆಟ್ಟದ್ದು, ನಾಕಿಂಗ್‌ಗೆ ಒಳ್ಳೆಯದು, ಎರಡೂ ಒಟ್ಟಿಗೆ ನಿಜ.

ನಮ್ಮ ಲ್ಯಾಬಲ್ಲಿ ಒಂದು ಸಿಂಗಲ್ ಸಿಲಿಂಡರ್ ಎಂಜಿನ್ ಉಂಟು, ಓಡ್ತಾ ಇರುವಾಗಲೇ ಸಿಲಿಂಡರ್ ಬ್ಲಾಕನ್ನು ಸ್ವಲ್ಪ ವಾಲಿಸಿ ಕಂಪ್ರೆಶನ್ ಏರಿಸಿ ಇಳಿಸಿ ಮಾಡ್ಲಿಕ್ಕೆ ಆಗ್ತದೆ. ಒಳಗಿನ ಒತ್ತಡ ಕಂಪ್ಯೂಟರಲ್ಲಿ ಗೆರೆಯಾಗಿ ಬರ್ತದೆ, ಸರಿ ಉರಿಯುವಾಗ ನಯವಾದ ಒಂದು ಗುಡ್ಡದ ಹಾಗೆ. ಕಂಪ್ರೆಶನ್ ಏರಿಸ್ತಾ ಹೋದ್ರೆ ಒಂದು ಹಂತದಲ್ಲಿ ಗುಡ್ಡದ ತುದಿ ಗರಗಸದ ಹಲ್ಲಾಗ್ತದೆ, ಅದೇ ಹೊತ್ತಿಗೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಶಬ್ದ. ಅಲ್ಲಿ ಸ್ಪಾರ್ಕ್ ಒಂದೆರಡು ಡಿಗ್ರಿ ತಡ ಮಾಡಿದ್ರೆ ಹಲ್ಲು ಮಾಯ, ಗುಡ್ಡವೂ ತಗ್ಗು. ಆ ತಗ್ಗಿದ ಗುಡ್ಡವೇ ನಿಮ್ಮ ಪವರ್ ನಷ್ಟ. ಮಕ್ಕಳಿಗೆ ಇದನ್ನು ಬೋರ್ಡಲ್ಲಿ ಹೇಳಿದ್ರೆ ತಲೆಗೆ ಹೋಗುದಿಲ್ಲ, ಒಮ್ಮೆ ಕಿವಿಯಲ್ಲಿ ಕೇಳಿದ್ರೆ ಮತ್ತೆ ಮರೆಯುವುದಿಲ್ಲ.

ಊರಿನ ವಿಷಯ ಒಂದು ಸೇರಿಸ್ತೇನೆ, ಯಾಕಂದ್ರೆ ಈ ಚರ್ಚೆಯಲ್ಲಿ ಯಾರೂ ಅದನ್ನು ಹೇಳುದಿಲ್ಲ. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಗಿಂತ ಶೇಕಡ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಗಾಡಿ ಅಲ್ಲಿಂದ ಕೆಳಗೆ ಇಳಿಸಿದ್ರೆ ಸಿಲಿಂಡರಿಗೆ ಗಾಳಿ ಜಾಸ್ತಿ ತುಂಬ್ತದೆ, ಪವರ್ ಏರ್ತದೆ, ಆಕ್ಟೇನ್ ಬೇಡಿಕೆಯೂ ಏರ್ತದೆ. ಟರ್ಬೊ ಗಾಡಿಯಲ್ಲಿ ಬೂಸ್ಟನ್ನು ಇಸಿಯು ಹೊಂದಿಸುವ ಕಾರಣ ಅಷ್ಟು ಅಂತರ ಬರುದಿಲ್ಲ, ಇಲ್ಲಿ ಟರ್ಬೊಗೆ ಕೆಲಸ ಸ್ವಲ್ಪ ಹಗುರವೇ. ನಮ್ಮ ಕಡೆಯ ತೇವದ ಗಾಳಿ ನಾಕಿಂಗ್ ಸ್ವಲ್ಪ ಕಡಿಮೆ ಮಾಡ್ತದೆ, ನೀರಾವಿ ಉರಿಯುವ ಬಿಸಿಯನ್ನು ತಗ್ಗಿಸ್ತದೆ ಹಾಗಾಗಿ. ಆದ್ರೆ ಏಪ್ರಿಲ್ ಮೇ ಮಧ್ಯಾಹ್ನದ ಸೆಕೆಯಲ್ಲಿ ಟ್ರಾಫಿಕಲ್ಲಿ ನಿಂತು, ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ರೇ ಬಿಸಿಯಾದ್ರೆ ಅದೆಲ್ಲ ಲಾಭ ಅಲ್ಲೇ ಮುಗೀತು. ಬೆಳಿಗ್ಗೆ ಆರಕ್ಕೆ ಸೋಮೇಶ್ವರ ದಾಟುವಾಗಿನ ಎಂಜಿನ್, ಮಧ್ಯಾಹ್ನ ಎರಡಕ್ಕೆ ಕೂಳೂರಲ್ಲಿ ನಿಂತ ಎಂಜಿನ್, ಎರಡರ ಬೇಡಿಕೆ ಒಂದೇ ಅಲ್ಲ.

ಕಂಕನಾಡಿಯವರೇ, ನಿಮ್ಮ ಸಣ್ಣ ಟರ್ಬೊಗೆ ಒಂದು ಮಾತು. ಟಾಪ್ ಗೇರಲ್ಲಿ 1500 ಆರ್‌ಪಿಎಂನಿಂದಲೇ ಕಾಲು ಪೂರ್ತಿ ಒತ್ತಬೇಡಿ. ಅಲ್ಲಿ ಆಗುವುದು ಮಾಮೂಲು ನಾಕಿಂಗ್ ಅಲ್ಲ, ಸ್ಪಾರ್ಕ್ ಬರುವ ಮೊದ್ಲೇ ಹೊತ್ತಿಕೊಳ್ಳುವ ಎಲ್‌ಎಸ್‌ಪಿಐ, ಪಿಸ್ಟನ್ ಒಡೆಯುವಷ್ಟು ಕೆಟ್ಟದ್ದು. ಅದಕ್ಕೆ ಆಯಿಲ್ ಹನಿಯೂ ಒಂದು ಕಾರಣ, ಬರೀ ಆಕ್ಟೇನ್ ಏರಿಸಿದ್ರೆ ನಿಲ್ಲುದಿಲ್ಲ. ಇದಕ್ಕೇ ಅಂತ ಎಂಜಿನ್ ಆಯಿಲಲ್ಲಿ ಅಮೆರಿಕದ ಎಪಿಐ ಸಂಸ್ಥೆಯ ಎಸ್‌ಎನ್ ಪ್ಲಸ್ ಗ್ರೇಡ್ 2018ರಲ್ಲಿ, ಎಸ್‌ಪಿ ಗ್ರೇಡ್ 2020ರಲ್ಲಿ ಬಂತು. ಆಯಿಲ್ ಡಬ್ಬಿ ಮೇಲೆ ಎಸ್‌ಪಿ ಅಂತ ಉಂಟಾ ನೋಡಿ ತಗೊಳ್ಳಿ.

ಕಂಕನಾಡಿ_ಎನ್‌ಲೈನ್:

ಇದು ಗೊತ್ತಿರಲಿಲ್ಲ ಮೇಡಂ, ಥ್ಯಾಂಕ್ಸ್. ಆಯಿಲ್ ನೋಡ್ತೇನೆ. ಆದ್ರೂ 95 ಬಿಡುದಿಲ್ಲ ನಾನು 🙂

ಅಬುಧಾಬಿ_ಉಚ್ಚಿಲ:

ನಾನು ಇರುವುದು ಅಬುಧಾಬಿಯಲ್ಲಿ, ಊರು ಉಚ್ಚಿಲ. ಇಲ್ಲಿ ಬಂಕಲ್ಲಿ ಮೂರೂ ಥರ ಸಿಗ್ತದೆ, 98ರ ಸೂಪರ್, 95ರ ಸ್ಪೆಷಲ್, 91ರ ಇ-ಪ್ಲಸ್. ದರದಲ್ಲಿ ಇಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂತರ ಸ್ವಲ್ಪವೇ, ಹಾಗಾಗಿ ಜರ್ಮನ್ ಟರ್ಬೊ ಇದ್ದವರು ಯೋಚನೆ ಮಾಡದೆ 98 ಹಾಕ್ತಾರೆ, ಬೇಸಿಗೆಯಲ್ಲಿ 45 ಡಿಗ್ರಿ ದಾಟುವಾಗ ಅದು ಬೇಕಾಗ್ತದೆ ಕೂಡ. ಊರಲ್ಲಿ ಹಾಗಲ್ಲ. ಇಂಡಿಯನ್ ಆಯಿಲ್‌ನವರ ಎಕ್ಸ್‌ಪಿ100 2020ರ ಡಿಸೆಂಬರಲ್ಲಿ ದೆಹಲಿಯಲ್ಲಿ ಬಂದಾಗಲೇ ಲೀಟರಿಗೆ 160 ರೂಪಾಯಿ ಇತ್ತು. ಸಾದಾಕ್ಕೂ ಅದಕ್ಕೂ ಲೀಟರಿಗೆ ಐವತ್ತರ ಮೇಲೆ ಅಂತರ ಅಂದ್ರೆ ನಿಮ್ಮ 50 ಲೀಟರ್ ಟ್ಯಾಂಕಿಗೆ ಪ್ರತಿ ಸಲ ಎರಡೂವರೆ ಸಾವಿರದ ಮೇಲೆ ಜಾಸ್ತಿ. ವರ್ಷಕ್ಕೆ ಅದೇ ದುಡ್ಡಲ್ಲಿ ಒಳ್ಳೇ ಟಯರ್ ಒಂದು ಸೆಟ್ ಬರ್ತದೆ, ಆಗುಂಬೆ ತಿರುವಲ್ಲಿ ಆಕ್ಟೇನ್‌ಗಿಂತ ಟಯರ್ ಜಾಸ್ತಿ ಕೆಲಸಕ್ಕೆ ಬರ್ತದೆ.

ನನಗೆ ಇನ್ನೊಂದು ಕೇಳ್ಲಿಕ್ಕೆ ಉಂಟು. ನನ್ನ ಪೋಲೊ ಜಿಟಿ ಊರಲ್ಲಿ ಮನೆಯಲ್ಲೇ ಇರುವುದು, ರಜೆಗೆ ಬಂದಾಗ ಮಾತ್ರ ತೆಗೆಯುವುದು. ಹೋಗುವಾಗ ಟ್ಯಾಂಕಲ್ಲಿ ಎಂತ ಬಿಟ್ಟು ಹೋಗ್ಬೇಕು?

ಕುಂಜಿಬೆಟ್ಟು_ಸ್ಕ್ಯಾನರ್:

ಉಚ್ಚಿಲದವರೇ, ನಿಮ್ಮಂಥ ಗಾಡಿಗೆ ಮಾತ್ರ ನಾನು 100 ಹಾಕಿ ಅಂತ ಹೇಳುವುದು, ಅದೂ ಆಕ್ಟೇನ್‌ಗೆ ಅಲ್ಲ. ಎಕ್ಸ್‌ಪಿ100ಕ್ಕೆ ಎಥನಾಲ್ ಇಲ್ಲದ್ದು ಅಂತ ಹೆಸರು. ಎಥನಾಲ್ ನೀರು ಹಿಡಿಯುವ ವಸ್ತು, ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ತಿಂಗಳುಗಟ್ಟಲೆ ನಿಂತ್ರೆ ಒಳಗಿನ ಗಾಳಿಯ ತೇವ ಎಲ್ಲ ಪೆಟ್ರೋಲಿಗೆ ಹೋಗ್ತದೆ. ನೀರು ಒಂದು ಮಿತಿ ದಾಟಿದ್ರೆ ಎಥನಾಲೂ ನೀರೂ ಒಟ್ಟಾಗಿ ತಳಕ್ಕೆ ಇಳೀತದೆ, ಪಂಪ್ ಮೊದ್ಲು ಎಳೆಯುವುದು ಅದನ್ನೇ. ಹೋದ ಮಳೆಗಾಲ ಮುಗಿದ ಮೇಲೆ ಹಾಗೆ ನಿಂತ ಒಂದು ಗಾಡಿಯ ಟ್ಯಾಂಕಿಂದ ಗಾಜಿನ ಬಾಟಲಿಗೆ ತೆಗೆದು ಇಟ್ಟಿದ್ದೆ, ಅಡಿಯಲ್ಲಿ ಎರಡು ಬೆರಳು ದಪ್ಪ ಬೇರೆಯೇ ಪದರ, ಮೇಲಿನದ್ದು ಹಳದಿ ಪೆಟ್ರೋಲ್, ನಡುವೆ ಗೆರೆ ಎಳೆದ ಹಾಗೆ. ಹಾಗಾಗಿ ಹೋಗುವ ಮೊದ್ಲು ಟ್ಯಾಂಕ್ ಫುಲ್ ಮಾಡಿ, ಗಾಳಿಗೆ ಜಾಗ ಇರ್ಬಾರ್ದು, ಮನೆಯವರ ಹತ್ರ ಹದಿನೈದು ದಿನಕ್ಕೊಮ್ಮೆ ಉಚ್ಚಿಲದಿಂದ ಪಡುಬಿದ್ರಿಯವರೆಗಾದ್ರೂ ಒಮ್ಮೆ ಓಡಿಸ್ಲಿಕ್ಕೆ ಹೇಳಿ. ಬರೀ ಸ್ಟಾರ್ಟ್ ಮಾಡಿ ನಿಲ್ಲಿಸಿದ್ರೆ ಉಪಯೋಗ ಇಲ್ಲ, ಆಯಿಲ್ ಬಿಸಿಯಾಗ್ಬೇಕು.

ಕಂಕನಾಡಿಯವರು ಹೇಳಿದ ನಯ ಇದ್ದೀತು, ನಾನು ಇಲ್ಲ ಅನ್ನುದಿಲ್ಲ. ಅಡಿಟಿವ್ ಇಂಜೆಕ್ಟರ್ ತುದಿ ಕ್ಲೀನ್ ಇಡ್ತದೆ, ಸ್ಪ್ರೇ ಸರಿ ಬರ್ತದೆ. ಆದ್ರೆ ಡೈರೆಕ್ಟ್ ಇಂಜೆಕ್ಷನ್ ಎಂಜಿನಲ್ಲಿ ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಬೀಳುವುದೇ ಇಲ್ಲ, ಹಾಗಾಗಿ ಅಲ್ಲಿ ಕೂತ ಕಾರ್ಬನ್ ಯಾವ ಪ್ರೀಮಿಯಂ ಹಾಕಿದ್ರೂ ಹೋಗುದಿಲ್ಲ, ಬಿಚ್ಚಿಯೇ ತೆಗೀಬೇಕು. ಪೆಟ್ರೋಲಿಂದಲೇ ಅದು ಹೋಗ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಸುರತ್ಕಲ್‌ನವರೇ, ಊಹೆ ಬೇಡ ಅಂದ್ರೆ ಅಳೆದು ನೋಡಿ. ವಿಸಿಡಿಎಸ್ ಇಲ್ಲ ಒಬಿಡಿ ಇಲೆವೆನ್, ಅಂದ್ರೆ ಇಸಿಯು ಓದುವ ಸ್ಕ್ಯಾನರ್, ಇದ್ದವರ ಹತ್ರ ಒಂದು ಆದಿತ್ಯವಾರಕ್ಕೆ ಕೇಳಿ ತಗೊಳ್ಳಿ. ಅದರಲ್ಲಿ ನಾಲ್ಕೂ ಸಿಲಿಂಡರಿನ ಟೈಮಿಂಗ್ ರಿಟಾರ್ಡ್ (ಸ್ಪಾರ್ಕನ್ನು ಇಸಿಯು ಎಷ್ಟು ಡಿಗ್ರಿ ತಡ ಮಾಡಿತು ಅನ್ನುವುದು), ಇನ್‌ಟೇಕ್ ಗಾಳಿಯ ಬಿಸಿ, ಆರ್‌ಪಿಎಂ, ಬೂಸ್ಟ್ ಇಷ್ಟು ಲಾಗ್ ಮಾಡಿ. ಟ್ಯಾಂಕ್ ರಿಸರ್ವ್‌ಗೆ ಬಂದ ಮೇಲೆ ಒಂದು ಥರ ತುಂಬಿಸಿ, ಇಸಿಯು ಹೊಂದಿಕೊಳ್ಳುವವರೆಗೆ ಕೆಲವು ದಿನ ಮಾಮೂಲು ಓಡಿಸಿ, ಮತ್ತೆ ಅದೇ ಏರು, ಅದೇ ಗೇರು, ಅದೇ ಹೊತ್ತಿಗೆ ಲಾಗ್ ತೆಗೀರಿ. ಮುಂದಿನ ಸಲ ಇನ್ನೊಂದು ಥರ. ಒಂದೆರಡು ಡಿಗ್ರಿ ಅಲ್ಲಲ್ಲಿ ಬಂದು ಹೋದ್ರೆ ಅದು ಮಾಮೂಲು. ಕಾಲು ಪೂರ್ತಿ ಒತ್ತಿದಾಗ ಎಲ್ಲ ಸಿಲಿಂಡರಲ್ಲೂ ನಾಲ್ಕು ಐದು ಡಿಗ್ರಿ ಬಿಡದೆ ಹಿಡ್ಕೊಂಡ್ರೆ ಗಾಡಿ ಒಳ್ಳೆ ಪೆಟ್ರೋಲ್ ಕೇಳ್ತಾ ಉಂಟು ಅಂತ ಅರ್ಥ. ಒಂದೇ ಸಿಲಿಂಡರ್ ಮಾತ್ರ ಹಿಡ್ಕೊಂಡ್ರೆ ಪೆಟ್ರೋಲ್ ಬಿಡಿ, ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡಿ.

ಸುರತ್ಕಲ್_ಆರ್‌ಎಸ್:

ತಡ ಆಯ್ತು ಬರೀಲಿಕ್ಕೆ. ಪೆರ್ಡೂರಿನ ಗೆಳೆಯನ ಹತ್ರ ಒಬಿಡಿ ಇಲೆವೆನ್ ಸಿಕ್ಕಿತು, ಅವನನ್ನೇ ಪಕ್ಕದಲ್ಲಿ ಕೂರಿಸಿ ಫೋನ್ ನೋಡ್ಲಿಕ್ಕೆ ಹೇಳಿದೆ.

ಸಾದಾ ಪೆಟ್ರೋಲಲ್ಲಿ ಬೆಳಿಗ್ಗೆ ತಂಪು ಹೊತ್ತಿಗೆ ಹೆಬ್ರಿ ದಾಟಿ ಏರುವಾಗ ಮೂರನೇ ಗೇರಲ್ಲಿ ರಿಟಾರ್ಡ್ ಹೆಚ್ಚಿನ ಸಲ ಸೊನ್ನೆ, ಮಧ್ಯೆ ಮಧ್ಯೆ ಒಂದೂವರೆ ಎರಡು. ಅದೇ ಸಾದಾದಲ್ಲಿ ಮಧ್ಯಾಹ್ನ ವಾಪಸ್ ಬರುವಾಗ, ಇನ್‌ಟೇಕ್ ಬಿಸಿ ಏರಿದ ಮೇಲೆ, ಹೈವೇಯಲ್ಲಿ ಖಾಲಿ ಜಾಗ ನೋಡಿ ಒತ್ತಿದ್ರೆ ಮೂರು ಡಿಗ್ರಿಯವರೆಗೆ ಹೋಯ್ತು, ನಾಲ್ಕೂ ಸಿಲಿಂಡರಲ್ಲಿ. 95ರ ಪ್ರೀಮಿಯಂ ಹಾಕಿದ ಮೇಲೆ ಬೆಳಿಗ್ಗೆ ಎಂತ ವ್ಯತ್ಯಾಸ ಕಾಣ್ಲಿಲ್ಲ, ಮಧ್ಯಾಹ್ನ ಎರಡರ ಹತ್ತಿರ ನಿಂತಿತು. ಸೀಟಲ್ಲಿ ಕೂತವನಿಗೆ ಗೊತ್ತಾಗುವಂಥದ್ದು ಎಂತದೂ ಇಲ್ಲ, ಸ್ಕ್ರೀನ್ ನೋಡಿದ್ರೆ ಮಾತ್ರ ಗೊತ್ತಾಗುವುದು. 100 ಹಾಕಿ ನೋಡ್ಲಿಲ್ಲ, ಇಷ್ಟು ನೋಡಿದ ಮೇಲೆ ಬೇಕು ಅನ್ನಿಸ್ಲಿಲ್ಲ.

ಸ್ಟಿಕ್ಕರೂ ನೋಡಿದೆ. ಬಟ್ಟೆ ಒದ್ದೆ ಮಾಡಿ ಮೆಲ್ಲ ಒರೆಸಿ ಟಾರ್ಚ್ ಓರೆ ಹಿಡಿದಾಗ ಗೆರೆ 95ರ ಬಲಗಡೆ ಉಂಟು, ಆಚೆಯದ್ದು 9ರಿಂದ ಶುರು. ಹಾಗಾಗಿ 95ಕ್ಕಿಂತ ಕೆಳಗಿನ ಸಂಖ್ಯೆಯೇ ಇರ್ಬೇಕು. ಈಗ ನನ್ನ ತೀರ್ಮಾನ, ವಾರದಲ್ಲಿ ಆಫೀಸಿಗೆ ಸಾದಾ, ಘಾಟಿಗೆ ಹೋಗುವ ವಾರ 95. ಎರಡು ಬೆರೆತ್ರೆ ತೊಂದರೆ ಉಂಟಾ? ಮತ್ತೆ ಮುಂದೆ ಯಾವಾಗಾದ್ರೂ ಸ್ಟೇಜ್ 1 ರೀಮ್ಯಾಪ್ ಮಾಡಿಸುವ ಆಲೋಚನೆ ಉಂಟು, ಆಗ ಎಂತ?

ಕುಂಜಿಬೆಟ್ಟು_ಸ್ಕ್ಯಾನರ್:

ಲಾಗ್ ಚೆಂದ ತೆಗ್ದಿದ್ದೀರಿ. ನಾಲ್ಕೂ ಸಿಲಿಂಡರ್ ಒಂದೇ ಥರ ನಡ್ಕೊಂಡದ್ದು ಎಂಜಿನ್ ಆರೋಗ್ಯಕ್ಕೆ ಒಳ್ಳೇ ಸೂಚನೆ, ಸೆಕೆಂಡ್‌ಹ್ಯಾಂಡ್ ಗಾಡಿಯಲ್ಲಿ ನನಗೆ ಆಕ್ಟೇನ್‌ಗಿಂತ ಅದೇ ದೊಡ್ಡ ಸಮಾಧಾನ.

ಬೆರೆತ್ರೆ ಎಂತ ತೊಂದರೆ ಇಲ್ಲ. ಬಂಕ್ ಮಾತ್ರ ಜನ ಜಾಸ್ತಿ ಬರುವಲ್ಲಿ ಆರಿಸಿ, ಪ್ರೀಮಿಯಂ ದಿನಕ್ಕೆ ನಾಲ್ಕೇ ಗಾಡಿಗೆ ಹೋಗುವ ಕಡೆ ಅದು ಎಷ್ಟು ದಿನದಿಂದ ನೆಲದಡಿ ಕೂತಿದೆ ಅಂತ ಹೇಳ್ಲಿಕ್ಕೆ ಬರುದಿಲ್ಲ. ಮಳೆಗಾಲದಲ್ಲಿ ಅನುಮಾನ ಬಂದ್ರೆ ಫಿಲ್ಟರ್ ಪೇಪರ್ ಟೆಸ್ಟ್, ಡೆನ್ಸಿಟಿ ಎರಡೂ ಕೇಳಿ, ತೋರಿಸ್ಲೇಬೇಕು ಅವರು.

ಸ್ಟೇಜ್ 1 ಬೇರೆಯೇ ಲೆಕ್ಕ. ಅಲ್ಲಿ ಟ್ಯೂನರ್ ಬೂಸ್ಟ್ ಏರಿಸಿ ಟೈಮಿಂಗ್ ಮುಂದೆ ತರ್ತಾರೆ, ಹಾಗಾಗಿ ಯಾವ ಪೆಟ್ರೋಲಿಗೆ ಮ್ಯಾಪ್ ಬರೆದದ್ದು ಅನ್ನುವುದೇ ಮುಖ್ಯ. 97ರ ಇಲ್ಲ 100ರ ಮ್ಯಾಪ್ ಹಾಕಿಸಿ ಆಮೇಲೆ ಸಾದಾ ತುಂಬಿಸಿದ್ರೆ ನಾಕ್ ಸೆನ್ಸರ್ ಎಷ್ಟು ಅಂತ ಕಾಯ್ತದೆ? ನಮ್ಮ ಊರಲ್ಲಿ ಯಾವ ಹೊತ್ತಿಗೂ ಸಿಗುವ 95ಕ್ಕೇ ಬರೆದು ಕೊಡಿ ಅಂತ ಮೊದ್ಲೇ ಹೇಳಿ, ಚಿಕ್ಕಮಗಳೂರು ಕಡೆ ಹೋದಾಗ ಸಣ್ಣ ಊರಿನ ಬಂಕಲ್ಲಿ 100 ಹುಡುಕಿಕೊಂಡು ನಿಲ್ಲುವ ಹಾಗೆ ಆಗ್ಬಾರ್ದು. ಪ್ಲಗ್ ಒಂದು ಹೆಜ್ಜೆ ತಣ್ಣಗಿನ ಗ್ರೇಡ್, ಅಂದ್ರೆ ಬಿಸಿ ಬೇಗ ಬಿಟ್ಟುಕೊಡುವಂಥದ್ದು, ಬೇಕಾ ಅಂತಲೂ ಅವರ ಹತ್ರವೇ ಕೇಳಿ.

ಆಕ್ಟೇನ್ ಬೂಸ್ಟರ್ ಬಾಟಲಿ ಮಾತ್ರ ತರ್ಬೇಡಿ. ಅದರ ಮೇಲೆ 20 ಪಾಯಿಂಟ್ ಏರ್ತದೆ ಅಂತ ಬರೆದಿದ್ರೆ ಒಂದು ಪಾಯಿಂಟ್ ಅಂದ್ರೆ 0.1 ಆಕ್ಟೇನ್, ಅಂದ್ರೆ ಏರುವುದು 2 ಮಾತ್ರ. ಹೆಚ್ಚಿನದ್ರಲ್ಲಿ ಇರುವುದು ಮ್ಯಾಂಗನೀಸ್, ಅದು ಪ್ಲಗ್ ತುದಿಗೆ ಇಟ್ಟಿಗೆ ಬಣ್ಣದ ಪುಡಿಯಾಗಿ ಹಿಡೀತದೆ. ಅಂಥ ಪ್ಲಗ್ ಒಂದು ನನ್ನ ಟೇಬಲ್ ಮೇಲೆ ಉಂಟು, ಮಣಿಪಾಲ ಕಡೆ ಬಂದ್ರೆ ಗಾಡಿ ತಗೊಂಡೇ ಬನ್ನಿ, ವಾಲ್ವ್ ಒಳಗೆ ಕ್ಯಾಮೆರಾ ಬಿಟ್ಟು ಕಾರ್ಬನ್ ಎಷ್ಟು ಕೂತಿದೆ ಅಂತಲೂ ನೋಡುವ.